ತಿಮಿಂಗಿಲ ಆರನೇ ಪುಟದವರೆಗೆ ಕಾಯಬಾರದು

ನಮಸ್ಕಾರ,

ನೀವು ಕಳಿಸಿದ ಪ್ರವಾಸ ಲೇಖನವನ್ನು ನಿಧಾನವಾಗಿ ಓದಿದೆ. ಐಸ್‌ಲ್ಯಾಂಡಿನ ಉತ್ತರ ತೀರದ ಹೂಸಾವೀಕ್ ಎಂಬ ಪುಟ್ಟ ಊರು, ಅಲ್ಲಿಂದ ದೋಣಿಯಲ್ಲಿ ಹೋಗಿ ತಿಮಿಂಗಿಲ ಮತ್ತು ಡಾಲ್ಫಿನ್ ನೋಡಿದ್ದು: ವಿಷಯ ತುಂಬ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಇದನ್ನು ಮತ್ತೆ ಬರೆಯಬೇಕು ಎಂಬುದು ನನ್ನ ಆಸೆ.

ಮೊದಲ ಐದು ಪುಟ ವೀಸಾ, ವಿಮಾನ, ರಾಜಧಾನಿ ರೇಕ್ಯಾವಿಕ್‌ನ ಹೋಟೆಲಿನ ತಿಂಡಿಯಲ್ಲೇ ಮುಗಿಯುತ್ತದೆ. ಇಷ್ಟನ್ನೂ ತೆಗೆದುಹಾಕಿ. ಹೂಸಾವೀಕ್ ಬಂದರಿನ ಕಟ್ಟೆಯಿಂದ ಶುರು ಮಾಡಿ. ಅಲ್ಲಿ ಕೊಟ್ಟ ದಪ್ಪ ಓವರಾಲ್‌ಗೆ ಡೀಸೆಲ್ ವಾಸನೆ ಇತ್ತು, ತೋಳು ನಿಮ್ಮ ಬೆರಳು ದಾಟಿ ಇಳಿಯುತ್ತಿತ್ತು ಎಂದು ಬರೆದಿದ್ದೀರಲ್ಲ, ಅದನ್ನು ಓದಿದಾಗ ನಾನೂ ಆ ಕಟ್ಟೆಯ ಮೇಲೆ ನಿಂತೆ. ನೀವು ಹತ್ತಿದ ಓಕ್ ಮರದ ದೋಣಿ ಹಿಂದೆ ಮೀನು ಹಿಡಿಯುತ್ತಿತ್ತು ಎಂಬುದನ್ನು ಆವರಣದಲ್ಲಿ ಹಾಕಿದ್ದೀರಿ. ಆವರಣ ತೆಗೆಯಿರಿ. 1995ರಿಂದ ಆ ಊರು ಇಂಥ ಹಳೆಯ ದೋಣಿಗಳನ್ನೇ ದುರಸ್ತಿ ಮಾಡಿಕೊಂಡು ತಿಮಿಂಗಿಲ ತೋರಿಸುವ ಕೆಲಸ ಬೆಳೆಸಿತು. ಅದು ಊರಿನ ಕಥೆ.

ಇನ್ನು ತಿಮಿಂಗಿಲ. ‘ದೈತ್ಯ ಜೀವಿ ಆಗಸಕ್ಕೆ ಚಿಮ್ಮಿತು, ಬಣ್ಣಿಸಲು ಪದಗಳೇ ಸಾಲವು’ ಎಂದಿದ್ದೀರಿ. ಆದರೆ ಎರಡು ಪ್ಯಾರಾ ಆದ ಮೇಲೆ, ಕಂಡದ್ದು ಬೆನ್ನು ಮತ್ತು ಬಾಲ ಮಾತ್ರ ಎಂದು ನೀವೇ ಹೇಳುತ್ತೀರಿ. ಆಗಸಕ್ಕೆ ಚಿಮ್ಮಿದ್ದು ಟಿವಿಯಲ್ಲಿ ನೋಡಿದ ತಿಮಿಂಗಿಲ ಅಲ್ವಾ? ಅದು ಬೇಡ. ನಿಮಗೆ ಕಂಡದ್ದೇ ಸಾಕು, ಕಂಡ ಕ್ರಮದಲ್ಲೇ ಬರೆಯಿರಿ. ಮೊದಲು ಬರೀ ನೀರು, ಬಹಳ ಹೊತ್ತು. ಆಮೇಲೆ ಗೈಡ್ ‘ಮೂರು ಗಂಟೆ!’ ಎಂದು ಕೂಗುತ್ತಾನೆ, ನೀವು ವಾಚು ನೋಡಿಕೊಳ್ಳುತ್ತೀರಿ. ದೋಣಿಯ ಮೂತಿಯೇ ಹನ್ನೆರಡು, ಮೂರು ಎಂದರೆ ಬಲಗಡೆ ಎಂದು ತಿಳಿಯುವಷ್ಟರಲ್ಲಿ ಒಂದು ಉಸಿರಿನ ಸದ್ದು. ಬೆನ್ನು ಕಾಣುತ್ತದೆ, ಬಾಗುತ್ತದೆ, ಬಾಲ ಏಳುತ್ತದೆ. ಮತ್ತೆ ಹಲವು ನಿಮಿಷ ಏನೂ ಇಲ್ಲ. ಆ ಖಾಲಿ ನಿಮಿಷಗಳನ್ನು ನೀವು ಹಾರಿಸಿಬಿಟ್ಟಿದ್ದೀರಿ. ದೋಣಿಯ ಎಂಜಿನ್ ನಿಂತಾಗ ಜನ ಏನು ಮಾಡುತ್ತಿದ್ದರು? ಯಾರು ಯಾವ ಕಡೆ ನೋಡುತ್ತಿದ್ದರು? ಓದುಗರೂ ಕಾಯಲಿ. ಕಾಯದವರಿಗೆ ಆ ಬಾಲ ಎದ್ದರೂ ಏನೂ ಅನಿಸುವುದಿಲ್ಲ.

ಎರಡು ತಪ್ಪು ತಿದ್ದಿ. ತಿಮಿಂಗಿಲದ ತಲೆಯ ಮೇಲಿಂದ ಚಿಮ್ಮುವುದು ಹೊಟ್ಟೆಯಲ್ಲಿ ತುಂಬಿಕೊಂಡ ನೀರಲ್ಲ, ಉಸಿರು. ಬಿಸಿ ಉಸಿರು ಚಳಿಗಾಳಿಗೆ ಮಂಜಾಗುತ್ತದೆ, ಜೊತೆಗೆ ಮೂಗಿನ ಹೊಳ್ಳೆಯ ಸುತ್ತಲಿನ ನೀರೂ ಹಾರುತ್ತದೆ. ಅದಕ್ಕೇ ನಿಮಗೆ ಕೊಳೆತ ಮೀನಿನ ನಾತ ಬಡಿದದ್ದು. ಇನ್ನೊಂದು, ಬಾಲ ಎತ್ತಿ ಮುಳುಗಿದ್ದನ್ನು ಮಿಂಕಿ ಎಂಬ ಚಿಕ್ಕ ಜಾತಿಯ ತಿಮಿಂಗಿಲ ಎಂದಿದ್ದೀರಿ. ಮಿಂಕಿ ಹಾಗೆ ಬಾಲ ಎತ್ತಿ ಮುಳುಗುವುದಿಲ್ಲ. ನೀವು ನೋಡಿದ್ದು ಬಹುಶಃ ಹಂಪ್‌ಬ್ಯಾಕ್ ಎಂಬ ಇನ್ನೊಂದು ಜಾತಿಯ ತಿಮಿಂಗಿಲ.

ನೀಲಿ ತಿಮಿಂಗಿಲದ ಹೃದಯ, ನಾಲಿಗೆ, ತೂಕದ ಬಗ್ಗೆ ಒಂದು ಪುಟ ತುಂಬಿಸಿದ್ದೀರಿ. ನೀವು ಅದನ್ನು ನೋಡಿಯೇ ಇಲ್ಲ. ಸುಮ್ನೆ ಜಾಗ ತಿನ್ನುತ್ತದೆ. ಅದರ ಬದಲು, ಹೂಸಾವೀಕ್ ಮುಂದಿನ ಅಷ್ಟು ತಣ್ಣಗಿನ ಸ್ಕ್ಯಾಲ್ವಾಂಡಿ ಕೊಲ್ಲಿಗೇ ತಿಮಿಂಗಿಲಗಳು ಯಾಕೆ ಬರುತ್ತವೆ ಎಂದು ಹೇಳಿ. ಎರಡು ದೊಡ್ಡ ನದಿಗಳು ಆ ಕೊಲ್ಲಿಗೆ ಪೋಷಕಾಂಶ ತಂದು ಸುರಿಯುತ್ತವೆ. ಬೇಸಿಗೆಯಲ್ಲಿ ರಾತ್ರಿಯೂ ಬೆಳಕಿರುತ್ತದೆ. ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳಾದ ಪ್ಲಾಂಕ್ಟನ್ ಹೆಚ್ಚುತ್ತದೆ, ಅದನ್ನು ತಿನ್ನಲು ಸಿಗಡಿಯಂಥ ಪುಟ್ಟ ಕ್ರಿಲ್ ಮತ್ತು ಸಣ್ಣ ಮೀನು, ಅವನ್ನು ತಿನ್ನಲು ದಕ್ಷಿಣದ ಬೆಚ್ಚಗಿನ ಕಡಲಿನಿಂದ ಹಂಪ್‌ಬ್ಯಾಕ್. ಊಟಕ್ಕಾಗಿ ಅಷ್ಟು ದೂರ ಬರುವ ಪ್ರಾಣಿ ಅದು.

ಡಾಲ್ಫಿನ್ ಎಂದರೇನು ಎಂದು ವಿವರಿಸುವುದು ಬೇಡ. ಕಾರವಾರದಲ್ಲಿ ದೋಣಿ ಹತ್ತಿ ನೋಡಿದವರು ನಮ್ಮ ಓದುಗರಲ್ಲಿದ್ದಾರೆ. ಅವರಿಗೆ ಬೇಕಾದದ್ದು ಹೂಸಾವೀಕ್‌ನ ಬಿಳಿ ಮೂತಿಯ ಡಾಲ್ಫಿನ್ ಹೇಗೆ ಬೇರೆ ಎಂಬುದು. ಅದರ ದಪ್ಪ ಮೈ, ದೋಣಿಯ ಮುಂದೆ ಅದು ಓಡುವ ವೇಗ. ನಿಮ್ಮ ಪಕ್ಕದಲ್ಲಿದ್ದ ಮುದುಕಿ ಅವನ್ನು ಕಂಡು ಕೈಗವಸು ತೆಗೆದು ಚಪ್ಪಾಳೆ ತಟ್ಟಿದ್ದು ಇಡೀ ಲೇಖನದಲ್ಲಿ ನನಗೆ ಬಹಳ ಇಷ್ಟವಾದ ಸಾಲು.

ನನ್ನನ್ನು ಹೆಚ್ಚು ಕಾಡಿದ್ದು ನೀವು ಒಂದೇ ಸಾಲಿನಲ್ಲಿ ದಾಟಿಹೋದ ವಿಷಯ. ರೇಕ್ಯಾವಿಕ್‌ನ ಮೆನುವಿನಲ್ಲಿ ಮಿಂಕಿ ಮಾಂಸ ಇತ್ತು, ‘ನಾವು ತಿನ್ನಲಿಲ್ಲ’ ಎಂದು ಬರೆದು ಮುಂದೆ ಹೋದಿರಿ. ಅಲ್ಲಿ ನಿಲ್ಲಿ. 2006ರಲ್ಲಿ ಐಸ್‌ಲ್ಯಾಂಡ್ ತಿಮಿಂಗಿಲಗಳ ವಾಣಿಜ್ಯ ಬೇಟೆಯನ್ನು ಮತ್ತೆ ಶುರು ಮಾಡಿತು. ತಿಮಿಂಗಿಲ ನೋಡಲು ಬಂದ ಪ್ರವಾಸಿಗರೇ ಸಂಜೆ ಅದರ ಮಾಂಸ ಕೇಳಿ ತಿಂದದ್ದೂ ಉಂಟು. ತಿನ್ನಬೇಡಿ ಎಂದು ಪ್ರವಾಸಿಗರಿಗೇ ಹೇಳುವ ಪ್ರಚಾರ ನಡೆಯಿತು. ಆ ಮೆನು ಕೈಯಲ್ಲಿ ಹಿಡಿದಾಗ ನಿಮಗೇನು ಅನಿಸಿತು? ಕುತೂಹಲ ಆಗಿದ್ದರೆ ಅದನ್ನೂ ಬರೆಯಿರಿ. ಯಾರಿಗೂ ಬುದ್ಧಿ ಹೇಳುವುದು ಬೇಡ.

ಹಂಪ್‌ಬ್ಯಾಕ್ ಬಾಲದ ಅಡಿಭಾಗದ ಕಪ್ಪು ಬಿಳುಪು ಗುರುತು ಒಂದೊಂದಕ್ಕೂ ಬೇರೆ. ಸಂಶೋಧಕರು ಅದರಿಂದಲೇ ಪ್ರತಿಯೊಂದನ್ನೂ ಗುರುತು ಹಿಡಿಯುತ್ತಾರೆ. ನಿಮ್ಮ ಫೋಟೋಗಳಲ್ಲಿ ಅಂಥದ್ದು ಒಂದಾದರೂ ಸ್ಪಷ್ಟವಾಗಿದ್ದರೆ, ತೆಗೆದ ದಿನಾಂಕ ಬರೆದು ಲೇಖನದ ಜೊತೆ ಕಳಿಸಿ. ಒಂದೂವರೆ ಸಾವಿರ ಪದ ಮೀರದಿರಲಿ. ಆತುರವಿಲ್ಲ, ಆದರೆ ಆ ಚಳಿ ನೆನಪಿನಿಂದ ಹೋಗುವ ಮೊದಲು ಕುಳಿತು ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ