ಸಂಜೆಯ ಚಹಾ ಬಿಟ್ಟು ಕಷಾಯ

ಪ್ರಶ್ನೆ: ಅಕ್ಕಾ, ಸಂಜೆ 6ಕ್ಕೆ ಚಹಾ ಕುಡಿದರೆ ರಾತ್ರಿ 12 ಆದರೂ ನಿದ್ದೆ ಬರುವುದಿಲ್ಲ. ಗ್ರೀನ್ ಟೀ ಕುಡಿದು ನೋಡಿದೆ, ಅದೇ ಕಥೆ. ಮಗಳು ಹರ್ಬಲ್ ಟೀ ಕುಡಿ ಅನ್ನುತ್ತಾಳೆ. ಸುಮ್ನೆ ಬಿಸಿನೀರು ಕುಡಿದ ಹಾಗಾಗುವುದಿಲ್ವಾ?
– ಓದುಗರೊಬ್ಬರು, ಕಾರವಾರ

ಉತ್ತರ: ಗ್ರೀನ್ ಟೀ ಕೂಡ ಚಹಾ ಗಿಡದ ಎಲೆಯೇ. ಕೆಫೀನ್ ಅದರಲ್ಲೂ ಇದೆ. ಒಳಗೆ ಹೋದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ತಾಸು ಬೇಕು. ಅಂದರೆ 6ಕ್ಕೆ ಕುಡಿದದ್ದು 11ಕ್ಕೂ ಅರ್ಧ ಉಳಿದಿರುತ್ತದೆ!

ಹರ್ಬಲ್ ಟೀ ಅಂದರೆ ಚಹಾಪುಡಿಯೇ ಇಲ್ಲದ್ದು. ಎಲೆ, ಹೂವು, ಬೀಜ, ಬೇರಿನ ರಸ. ನಮಗೆ ಹೆಸರು ಮಾತ್ರ ಹೊಸದು. ನಮ್ಮ ಶಿರಸಿ ಕಡೆ ಮನೆಗೆ ಬಂದವರನ್ನು "ಆಸ್ರಿಗೆ ಎಂತ ಮಾಡ್ಲಿ, ಚಾನೋ ಕಷಾಯನೋ?" ಅಂತಲೇ ಕೇಳುವುದು. ಸಂಜೆಯಾದರೆ ನಾನು ಕಣ್ಣುಮುಚ್ಚಿ ಕಷಾಯ ಅನ್ನುತ್ತೇನೆ.

ನಮ್ಮ ಆಯಿಯ ಅಳತೆ ಹೀಗೆ: ಒಂದು ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, ಒಂದು ಚಮಚ ಮೆಂತೆ, ಒಂದು ಚಮಚ ಕಾಳುಮೆಣಸು, ನಾಲ್ಕು ಏಲಕ್ಕಿ. ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡಬೇಕು. ಮೆಂತೆ ಕೆಂಪಗಾದ ತಕ್ಷಣ ಇಳಿಸಿ, ಸೀದರೆ ಇಡೀ ಪುಡಿ ಕಹಿ. ಎರಡು ಲೋಟ ನೀರಿಗೆ ಒಂದು ಚಮಚ ಪುಡಿ, ಒಂದು ತುಂಡು ಬೆಲ್ಲ ಹಾಕಿ 5 ನಿಮಿಷ ಕುದಿಸಿ. ಹಾಲು ಬೇಕಿದ್ದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ. ಬೆಲ್ಲದ ಜೊತೆ ಕುದಿಸಿದರೆ ಒಡೆದುಹೋಗುತ್ತದೆ. ಆ ಘಮಕ್ಕೆ, ಗಂಟಲಿಗೆ ತಾಗುವ ಮೆಣಸಿನ ಖಾರಕ್ಕೆ ಬಿಸಿನೀರು ಎಲ್ಲಿ ಸಾಟಿ?

ಇನ್ನೂ ಹಗುರವಾದದ್ದು ಬೇಕಾದರೆ ಮಜ್ಜಿಗೆ ಹುಲ್ಲು, ಅಂದರೆ ಲೆಮನ್ ಗ್ರಾಸ್. ಹಿತ್ತಲಲ್ಲಿ ಒಂದು ಬುಡ ನೆಟ್ಟರೆ ಸಾಕು. ನಾಲ್ಕು ಎಲೆ ಗಂಟು ಕಟ್ಟಿ ಕುದಿವ ನೀರಿಗೆ ಹಾಕಿ, ಒಲೆ ಆರಿಸಿ, 10 ನಿಮಿಷ ಮುಚ್ಚಿಡಿ. ಮುಚ್ಚಳ ಮರೆಯಬೇಡಿ. ಅದರ ಪರಿಮಳ ಆವಿಯ ಜೊತೆಗೇ ಹೋಗಿಬಿಡುತ್ತದೆ. ಬೀಜ, ಬೇರು ಕುದಿಯಬೇಕು. ಎಲೆ, ಹೂವಿಗೆ ಬಿಸಿನೀರಲ್ಲಿ ನೆನೆದರೆ ಸಾಕು.

ಅಂಗಡಿಯ ಪೊಟ್ಟಣ ತರುವುದಾದರೆ ಹಿಂದೆ ಬರೆದದ್ದನ್ನು ಓದಿ. ಎಷ್ಟೋ ತುಳಸಿ ಟೀಗಳಲ್ಲಿ ಗ್ರೀನ್ ಟೀ ಬೆರೆತಿರುತ್ತದೆ. ಬಿಪಿ ಇದ್ದರೆ ಜೇಷ್ಠಮಧು ಇರುವುದನ್ನು ದಿನವೂ ಕುಡಿಯಬೇಡಿ, ಅದು ಬಿಪಿ ಏರಿಸುತ್ತದೆ. ಬಸುರಿಯರು ಯಾವ ಬೇರು, ಸೊಪ್ಪಿನದನ್ನಾದರೂ ಡಾಕ್ಟರನ್ನು ಕೇಳಿಯೇ ಕುಡಿಯಲಿ.

ಕಾರವಾರದ ಸೆಖೆಗೆ ಬಿಸಿ ಬೇಡ ಅನಿಸಿದರೆ ಮಜ್ಜಿಗೆ ಹುಲ್ಲಿನದ್ದನ್ನು ತಣ್ಣಗೆ ಮಾಡಿ, ನಾಲ್ಕು ಹನಿ ಲಿಂಬು ಹಿಂಡಿ ಕುಡಿಯಿರಿ.