ಫೋಟೋಗೆ ಕನ್ನಡಕ ಬೇಡವೆನ್ನುವ ಮಗಳು

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಹತ್ತು ವರ್ಷ, ಐದನೆಯ ತರಗತಿ. ಬೋರ್ಡಿನ ಮೇಲೆ ಬರೆದದ್ದು ಕಾಣಿಸುವುದಿಲ್ಲ ಎಂದು ಎರಡನೆಯ ತರಗತಿಯ ಟೀಚರ್ ಹೇಳಿದ ಮೇಲೆ ಕಣ್ಣು ತೋರಿಸಿದೆವು. ಈಗ ಎರಡೂ ಕಣ್ಣಿಗೆ ಮೈನಸ್ ನಾಲ್ಕು. ಆದಷ್ಟು ಎದ್ದು ಕಾಣದಿರಲಿ ಎಂದು ತೆಳುವಾದ ಫ್ರೇಮನ್ನೇ ಆರಿಸಿದ್ದೇನೆ. ಕಳೆದ ವರ್ಷ ಶಾಲೆಯಲ್ಲಿ ಫೋಟೋ ತೆಗೆಯುವವರು ‘ಗಾಜು ಹೊಳೆಯುತ್ತದೆ, ತೆಗೆದು ನಿಲ್ಲು’ ಎಂದರಂತೆ. ಆ ಫೋಟೋ ಬಂದಾಗ ಅತ್ತೆಗೆ ಬಹಳ ಸಂತೋಷವಾಯಿತು. ‘ಈಗ ನೋಡು, ಎಷ್ಟು ಲಕ್ಷಣವಾಗಿದ್ದಾಳೆ’ ಎಂದು ಚೌಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ್ದಾರೆ. ನನಗೋ ಅದು ಬೇರೆ ಯಾರದೋ ಮಗುವಿನ ಹಾಗೆ ಕಾಣುತ್ತದೆ. ಮುಂದಿನ ತಿಂಗಳು ಮತ್ತೆ ಫೋಟೋ ಇದೆ. ಈ ಸಲ ಹಾಕಿಕೊಂಡೇ ನಿಲ್ಲು ಎಂದರೆ ಅಳುತ್ತಾಳೆ. ತರಗತಿಯಲ್ಲಿ ‘ಸೋಡಾಬುಡ್ಡಿ’ ಎನ್ನುತ್ತಾರಂತೆ. ‘ಒಂದು ಫೋಟೋ ತಾನೇ, ಪಾಸ್‌ಪೋರ್ಟಿಗೂ ಕನ್ನಡಕ ತೆಗೆಸುತ್ತಾರೆ, ಬಿಡು’ ಎನ್ನುತ್ತಾರೆ ನಮ್ಮ ಯಜಮಾನರು. ಮೊನ್ನೆ ಪುತ್ತರಿ ಸುಗ್ಗಿಹಬ್ಬಕ್ಕೆ ಐನ್‌ಮನೆಯಲ್ಲಿ (ಮನೆತನದ ಮೂಲಮನೆ) ಒಕ್ಕದವರೆಲ್ಲ, ಅಂದರೆ ನಮ್ಮ ಮನೆತನದವರೆಲ್ಲ, ಸೇರಿದ್ದಾಗ ಸೀರೆಗೆ ಒಪ್ಪುವುದಿಲ್ಲವೆಂದು ನಾನೇ ಎರಡು ನಿಮಿಷ ಅವಳ ಕನ್ನಡಕ ತೆಗೆಸಿದ್ದೆ, ಅದು ಬೇರೆ ವಿಷಯ. ಶಾಲೆಯ ಫೋಟೋ ವರ್ಷಾನುಗಟ್ಟಲೆ ಉಳಿಯುವಂಥದ್ದು. ಬಲವಂತ ಮಾಡಲೇ, ಅವಳ ಇಷ್ಟಕ್ಕೆ ಬಿಡಲೇ? (ಹೆಸರು ಬೇಡ)

ಉತ್ತರ: ಸೋದರಿ, ನೀವು ಕಳುಹಿಸಿದ ಎರಡು ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಶಾಲೆಯ ಫೋಟೋದಲ್ಲಿ ಹುಬ್ಬು ಗಂಟಿಕ್ಕಿದೆ, ಕಣ್ಣು ಅರ್ಧ ಮುಚ್ಚಿದೆ. ನೋಟ ಕ್ಯಾಮೆರಾದ ಕಡೆಗಿಲ್ಲ, ಅದರ ಎಡಕ್ಕೆ ಎಲ್ಲೋ ನಿಂತಿದೆ. ಮೂಗಿನ ಎರಡೂ ಬದಿಯಲ್ಲಿ ಕನ್ನಡಕ ಕೂತು ಕೂತು ಬಿದ್ದ ಸಣ್ಣ ಗುಳಿಗಳು ಕೆಂಪಗೆ ಕಾಣುತ್ತಿವೆ. ತುಟಿಯಷ್ಟೇ ನಗುತ್ತಿದೆ. ಇನ್ನೊಂದು, ಅವಳು ಕಾಫಿ ಕಣದಲ್ಲಿ ನಾಯಿಮರಿ ಎತ್ತಿಕೊಂಡು ನಿಂತಿರುವುದು. ಕನ್ನಡಕ ಒಂದು ಬದಿಗೆ ಜಾರಿದೆ, ಕೂದಲು ಕೆದರಿದೆ, ಆದರೆ ಅವಳು ನೇರವಾಗಿ ನಿಮ್ಮನ್ನೇ ನೋಡುತ್ತಿದ್ದಾಳೆ. ಬೇರೆ ಯಾರದೋ ಮಗುವಿನಂತೆ ಕಾಣುತ್ತದೆ ಎಂದು ನಿಮಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಮೈನಸ್ ನಾಲ್ಕು ಎಂದರೆ ಏನೆಂದು ಮನೆಯವರಿಗೆಲ್ಲ ಒಮ್ಮೆ ತಿಳಿಸಿ ಹೇಳಿ. ಕಣ್ಣುಗುಡ್ಡೆ ಹಿಂದಕ್ಕೆ ತುಸು ಹೆಚ್ಚು ಉದ್ದವಾಗಿ ಬೆಳೆದಾಗ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ಈ ಪವರ್ ಇರುವ ಮಗುವಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಕಣ್ಣಿನಿಂದ 25 ಸೆಂಟಿಮೀಟರ್‌ವರೆಗೆ ಮಾತ್ರ, ಹೆಚ್ಚುಕಡಿಮೆ ಒಂದು ಗೇಣು. ಅದರಾಚೆಗೆ ಎಲ್ಲವೂ ಮಸುಕು. ಫೋಟೋ ತೆಗೆಯುವವರು ನಿಲ್ಲುವುದು ಆರೇಳು ಅಡಿ ದೂರದಲ್ಲಿ. ‘ಇಲ್ಲಿ ನೋಡು, ನಗು’ ಎಂದರೆ ಆ ‘ಇಲ್ಲಿ’ ಎಲ್ಲಿದೆ ಎಂದೇ ಅವಳಿಗೆ ಸರಿಯಾಗಿ ಕಾಣುವುದಿಲ್ಲ. ರೆಪ್ಪೆ ಕಿರಿದು ಮಾಡಿದರೆ ಸ್ವಲ್ಪ ಕಾಣುತ್ತದೆ, ಅದಕ್ಕೇ ಕಿರಿದು ಮಾಡಿದ್ದಾಳೆ. ಮುಖ ಕಾಣಿಸದ ಮನುಷ್ಯನೊಬ್ಬನಿಗೆ ನಗಬೇಕಾದ ಹತ್ತು ವರ್ಷದ ಹುಡುಗಿಯ ಫೋಟೋ ಅದು.

ಇನ್ನು ನಿಮ್ಮ ಪ್ರಶ್ನೆ. ಹಾಕಿಕೊಂಡೇ ನಿಲ್ಲಬೇಕು ಎನ್ನುವುದೇ ನನ್ನ ಮತ. ಆದರೆ ಬಲವಂತ ಖಂಡಿತ ಬೇಡ. ಅವಳು ಬೇಡವೆನ್ನುತ್ತಿರುವುದು ಕನ್ನಡಕವನ್ನಲ್ಲ ಎಂದು ನನಗನ್ನಿಸುತ್ತದೆ. ಅದರ ಸುತ್ತ ಕೇಳಿಸಿಕೊಂಡ ಮಾತುಗಳು ಅವಳಿಗೆ ಬೇಡವಾಗಿವೆ. ಆ ಮಾತುಗಳಲ್ಲಿ ಕೆಲವು ನಿಮ್ಮ ಮನೆಯವೇ.

ಪುತ್ತರಿಯ ಸಂಗತಿಯನ್ನು ‘ಅದು ಬೇರೆ ವಿಷಯ’ ಎಂದು ಬರೆದಿದ್ದೀರಿ. ಬೇರೆ ವಿಷಯವಲ್ಲ ಅದು. ರೇಷ್ಮೆ ಸೀರೆ ಉಡಿಸಿ, ಹೂ ಮುಡಿಸಿ, ಒಕ್ಕದ ಹಿರಿಯರೆಲ್ಲ ಸಾಲಾಗಿ ನಿಂತಿರುವಾಗ ತಾಯಿಯೇ ಕೈಚಾಚಿ ಕನ್ನಡಕ ತೆಗೆದಿಟ್ಟುಕೊಂಡರೆ ಮಗು ಏನೆಂದುಕೊಳ್ಳುತ್ತದೆ? ಚೆನ್ನಾಗಿ ಕಾಣಬೇಕಾದ ದಿನ ಇದು ಇರಬಾರದು ಎಂದು ತಾನೇ? ಎದ್ದು ಕಾಣದ ಫ್ರೇಮ್ ಹುಡುಕಿದ್ದೂ ಅದೇ ಪಾಠ ಹೇಳಿದೆ. ಪ್ರೀತಿಯಿಂದಲೇ ಮಾಡಿದ್ದೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಈಗ ಹಾಕಿಕೋ ಎಂದರೆ ಅವಳು ಅಳುವುದು ಸಹಜ. ಮೊದಲು ಅವಳ ಹತ್ತಿರ ಕುಳಿತು ‘ಅವತ್ತು ಐನ್‌ಮನೆಯಲ್ಲಿ ನಿನ್ನ ಕನ್ನಡಕ ತೆಗೆಸಿದ್ದು ನನ್ನ ತಪ್ಪು’ ಎಂದು ಬಾಯಿಬಿಟ್ಟು ಹೇಳಿ. ಸುತ್ತಿಬಳಸಬೇಡಿ, ಕಾರಣ ಕೊಡಬೇಡಿ. ಹತ್ತು ವರ್ಷದವರಿಗೆ ಇಂಥ ಮಾತು ಬಹಳ ಚೆನ್ನಾಗಿ ಅರ್ಥವಾಗುತ್ತದೆ.

ಫೋಟೋ ತೆಗೆಯುವವರ ವಿಷಯ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಗಾಜಿನ ಹೊಳಪು ಅವರ ಕೆಲಸದ ತೊಡಕು, ಅದನ್ನು ಮಗುವಿನ ಮುಖದ ಮೇಲೆ ಹೊರಿಸಬಾರದು. ಬೆಳಕು ಎದುರಿನಿಂದ ಬಂದರೆ ಕನ್ನಡಕಕ್ಕೆ ಬಡಿದು ನೇರವಾಗಿ ಕ್ಯಾಮೆರಾಕ್ಕೆ ಹಿಂತಿರುಗುತ್ತದೆ, ಇಷ್ಟೇ ಸಮಸ್ಯೆ. ದೀಪವನ್ನು ಮೇಲಕ್ಕೆತ್ತಿ ಪಕ್ಕಕ್ಕೆ ಸರಿಸಿದರೆ ಆ ಬೆಳಕು ಬೇರೆ ಕಡೆಗೆ ಹೋಗುತ್ತದೆ. ಕಿವಿಯ ಮೇಲಿನ ಕಡ್ಡಿಗಳನ್ನು ಒಂದಿಷ್ಟೇ ಇಷ್ಟು ಮೇಲೆತ್ತಿದರೆ ಗಾಜು ಕೆಳಮುಖವಾಗಿ ವಾಲುತ್ತದೆ, ಹೊಳಪು ನೆಲದ ಕಡೆಗೆ ಹೋಗುತ್ತದೆ, ಫೋಟೋದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಗಲ್ಲ ತುಸು ತಗ್ಗಿಸಿದರೂ ಆದೀತು. ಫ್ಲ್ಯಾಶ್ ಬಿಟ್ಟು ವರಾಂಡದ ನೆರಳಿನಲ್ಲಿ ನಿಲ್ಲಿಸಿದರೆ ಇದ್ಯಾವುದೂ ಬೇಕಾಗದು. ಒಂದು ಮಗುವಿಗೆ ಹೆಚ್ಚೆಂದರೆ ಅರ್ಧ ನಿಮಿಷದ ಕೆಲಸ.

ಮುಂದಿನ ಕನ್ನಡಕ ಮಾಡಿಸುವಾಗ ಆಂಟಿ ಗ್ಲೇರ್ ಲೇಪನದ ಗಾಜು ಕೇಳಿ, ಹೊಳಪು ಬಹಳ ಕಡಿಮೆಯಾಗುತ್ತದೆ. ಬಿಸಿಲಿಗೆ ಕಪ್ಪಾಗುವ ಗಾಜಿದ್ದರೆ ಇನ್ನೊಂದು ಎಚ್ಚರಿಕೆ. ಆ ಗಾಜು ಚಳಿಯಲ್ಲಿ ಇನ್ನಷ್ಟು ಗಾಢವಾಗುತ್ತದೆ, ತಿಳಿಯಾಗಲು ಹೊತ್ತು ಹಿಡಿಯುತ್ತದೆ. ನಮ್ಮ ಕೊಡಗಿನ ಜನವರಿ ಬೆಳಿಗ್ಗೆ ಮೈದಾನದಲ್ಲಿ ನಿಲ್ಲಿಸಿದರೆ ಮಗು ತಂಪು ಕನ್ನಡಕ ಹಾಕಿಕೊಂಡ ಹಾಗೆ ಕಾಣುತ್ತದೆ. ಅಂಥವರು ಹಳೆಯ ಸಾದಾ ಕನ್ನಡಕವನ್ನು ಚೀಲದಲ್ಲಿಟ್ಟು ಕಳುಹಿಸುವುದು ಒಳ್ಳೆಯದು.

ಒಂದು ಮಾತು ನಿಮ್ಮ ಮಗಳಿಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಬೇಕು. ಪ್ಲಸ್ ಪವರ್ ಇರುವ ಕೆಲವು ಮಕ್ಕಳಿಗೆ ಕನ್ನಡಕ ಇದ್ದಾಗ ಕಣ್ಣು ನೇರವಾಗಿರುತ್ತದೆ, ತೆಗೆದೊಡನೆ ಒಂದು ಕಣ್ಣು ಮೂಗಿನ ಕಡೆಗೆ ತಿರುಗುತ್ತದೆ. ಅಂಥ ಮಗುವಿಗೆ ‘ತೆಗೆದು ನಿಲ್ಲು’ ಎಂದರೆ ಮೆಳ್ಳೆಗಣ್ಣಿನ ಫೋಟೋ ಮನೆಗೆ ಬರುತ್ತದೆ, ಅದನ್ನು ಇಡೀ ತರಗತಿ ನೋಡುತ್ತದೆ. ಆದ್ದರಿಂದ ನಿಮ್ಮ ಮಗಳೊಬ್ಬಳದೇ ಹೆಸರೆತ್ತದೆ, ‘ಯಾವ ಮಗುವಿಗೂ ಕನ್ನಡಕ ತೆಗೆಯಲು ಹೇಳಬಾರದು, ಮಗು ತಾನಾಗಿ ಕೇಳಿದರೆ ಬೇರೆ ಮಾತು’ ಎಂದು ಮುಖ್ಯೋಪಾಧ್ಯಾಯಿನಿಯವರಿಗೆ ಈಗಲೇ ಒಂದು ಪತ್ರ ಬರೆದು ಕೊಡಿ. ಫೋಟೋದ ದಿನ ಬೆಳಿಗ್ಗೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಿಮ್ಮ ಯಜಮಾನರು ಹೇಳುವ ಪಾಸ್‌ಪೋರ್ಟಿನ ಮಾತು ಇಲ್ಲಿ ಸಲ್ಲದು. ಅಮೆರಿಕದ ವೀಸಾ ಫೋಟೋದಲ್ಲಿ 2016ರ ನವೆಂಬರ್‌ನಿಂದ ಕನ್ನಡಕ ಇರಬಾರದೆಂಬ ನಿಯಮವಿದೆ, ನಿಜ. ಅದು ಗುರುತು ಹಿಡಿಯುವ ಅಧಿಕಾರಿಗೆ ಬೇಕಾದ ಫೋಟೋ. ಶಾಲೆಯದು ಆ ವರ್ಷ ಅವಳು ಹೇಗಿದ್ದಳೋ ಹಾಗೆ ಇರಬೇಕಾದ ಫೋಟೋ. ಅವರಿಗೆ ನಿಜವಾಗಿಯೂ ಇದು ‘ಒಂದು ಫೋಟೋ ತಾನೇ’ ಆಗಿದ್ದರೆ, ತಮ್ಮ ತಾಯಿಯ ಹತ್ತಿರ ಮಾತನಾಡುವ ಕೆಲಸವನ್ನು ಅವರೇ ವಹಿಸಿಕೊಳ್ಳಲಿ. ಸೊಸೆ ಹೇಳಿದರೆ ವಾದವಾಗುತ್ತದೆ, ಮಗ ಹೇಳಿದರೆ ಮಾತಾಗುತ್ತದೆ.

ಅತ್ತೆಯವರನ್ನು ದೂರಬೇಡಿ. ಹೆಣ್ಣು ನೋಡಲು ಬರುವವರಿಗೆ ಕೊಡುವ ಫೋಟೋದಲ್ಲಿ ಕನ್ನಡಕ ಇದ್ದರೆ ಸಂಬಂಧವೇ ತಪ್ಪಿಹೋದೀತು ಎಂದು ಹೆದರುತ್ತಿದ್ದ ಕಾಲದವರು ಅವರು. ಮೊಮ್ಮಗಳು ಲಕ್ಷಣವಾಗಿದ್ದಾಳೆ ಎನ್ನುವಾಗ ಅವರ ಬಾಯಲ್ಲಿ ಆ ಹೆದರಿಕೆಯೂ ಇದೆ, ಅಕ್ಕರೆಯೂ ಇದೆ. ಆದರೆ ‘ಈಗ ನೋಡು’ ಎಂಬ ಎರಡು ಪದ ಮಗುವಿಗೆ ನಾಟಿದೆ. ಈಗ ಲಕ್ಷಣ ಎಂದರೆ ದಿನವೂ ಅಲ್ಲ ಎಂದಾಯಿತಲ್ಲ? ಇದೊಂದನ್ನು ಅವರಿಗೆ ಮೆತ್ತಗೆ ತಿಳಿಸಿದರೆ ಸಾಕು, ಅರ್ಥಮಾಡಿಕೊಳ್ಳುತ್ತಾರೆ. ಗೋಡೆಯ ಮೇಲಿರುವುದನ್ನು ತೆಗೆಸುವ ಹಟ ಮಾಡಬೇಡಿ.

ಹಾಕಿಕೊಂಡಷ್ಟೂ ಪವರ್ ಏರುತ್ತದೆ ಎಂಬ ಮಾತೂ ಹಿರಿಯರಿಂದ ಬರಬಹುದು. ಅದರಲ್ಲಿ ಹುರುಳಿಲ್ಲ. ಬೇಕಾದ್ದಕ್ಕಿಂತ ಕಡಿಮೆ ಪವರ್ ಕೊಟ್ಟರೆ ಏರಿಕೆ ನಿಧಾನವಾಗುತ್ತದೆಂದು ವೈದ್ಯರಲ್ಲೂ ಕೆಲವರು ನಂಬಿದ್ದ ಕಾಲವಿತ್ತು. ಮಲೇಷ್ಯಾದ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ತದ್ವಿರುದ್ಧ. ಕಡಿಮೆ ಪವರ್ ಹಾಕಿದವರಲ್ಲೇ ಏರಿಕೆ ಹೆಚ್ಚಾಗಿತ್ತು. ಮೂರು ವರ್ಷದಲ್ಲಿ ಮೈನಸ್ ನಾಲ್ಕಕ್ಕೆ ಬಂದಿರುವುದರಿಂದ ಏರಿಕೆಯನ್ನು ನಿಧಾನಗೊಳಿಸುವ ಅಟ್ರೋಪಿನ್ ಹನಿಗಳ ಬಗ್ಗೆ ನಿಮ್ಮ ಕಣ್ಣಿನ ವೈದ್ಯರನ್ನು ಕೇಳಿ ನೋಡಿ. ಆರು ತಿಂಗಳಿಗೊಮ್ಮೆ ಪರೀಕ್ಷೆ ತಪ್ಪಿಸಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಮಕ್ಕಳು ಒಳಗೇ ಉಳಿಯುತ್ತಾರೆ, ಬಿಸಿಲಿರುವ ಈ ತಿಂಗಳುಗಳಲ್ಲಾದರೂ ಹೊರಗೆ ಆಡಲಿ.

ಸೋಡಾಬುಡ್ಡಿ ಎನ್ನುವವರ ವಿಷಯದಲ್ಲಿ ‘ತಲೆಗೆ ಹಾಕಿಕೊಳ್ಳಬೇಡ’ ಎಂದು ಹೇಳಿ ಕಳುಹಿಸುವುದು ಸಾಲದು. ಕ್ಲಾಸ್ ಟೀಚರನ್ನು ಭೇಟಿಯಾಗಿ. ಯಾರ ಮೇಲೂ ದೂರು ಹೇಳದೆ, ಇಂಥ ಮಾತು ನಡೆಯುತ್ತಿದೆ ಎಂದಷ್ಟೇ ತಿಳಿಸಿ. ಒಳ್ಳೆಯ ಟೀಚರಿಗೆ ಅಷ್ಟು ಸಾಕು. ಶಾಲೆಯ ಗೋಡೆಯ ಮೇಲೆ ಗಾಂಧೀಜಿ, ಅಂಬೇಡ್ಕರ್ ಇಬ್ಬರೂ ಕನ್ನಡಕದಲ್ಲೇ ಇದ್ದಾರೆ ಎಂದು ಹೇಳುವವರು ಸಿಗುತ್ತಾರೆ. ನಿಜವೇ, ಆದರೆ ಆ ಮಾತಿನಿಂದ ನಿಮ್ಮ ಮಗಳಿಗೆ ಧೈರ್ಯ ಬರುತ್ತದೆಂದು ನನಗನ್ನಿಸುವುದಿಲ್ಲ. ಅವಳು ಕುಳಿತುಕೊಳ್ಳುವುದು ದೊಡ್ಡವರ ಪಕ್ಕದಲ್ಲಲ್ಲ, ತನ್ನ ಬೆಂಚಿನ ಹುಡುಗಿಯರ ಪಕ್ಕದಲ್ಲಿ. ಅವರಲ್ಲೊಬ್ಬಳು ‘ನಿನ್ನ ಫ್ರೇಮ್ ಚೆನ್ನಾಗಿದೆ’ ಎಂದರೆ ಅದರ ತೂಕವೇ ಬೇರೆ. ಆದ್ದರಿಂದ ಫ್ರೇಮನ್ನು ಅವಳೇ ಆರಿಸಲಿ. ಕೆಂಪೋ ನೀಲಿಯೋ, ನಿಮಗೆ ಇಷ್ಟವಾಗದಿದ್ದರೂ ಸುಮ್ಮನಿರಿ. ಒಂದೇ ಸೂಚನೆ: ಮೈನಸ್ ಗಾಜು ಅಂಚಿನಲ್ಲಿ ದಪ್ಪ, ಫ್ರೇಮ್ ಚಿಕ್ಕದಾದಷ್ಟೂ ಆ ದಪ್ಪ ಕಡಿಮೆಯಾಗುತ್ತದೆ. ಸೋಡಾಬುಡ್ಡಿ ಎನ್ನಿಸಿದ್ದು ಆ ಅಂಚೇ ಇರಬಹುದು.

ಫೋಟೋಗೆ ಒಂದು ವಾರ ಮೊದಲು ಒಂದು ರಜಾದಿನ ಜಗಲಿಯಲ್ಲಿ ಅವಳನ್ನು ನಿಲ್ಲಿಸಿ ಮೊಬೈಲಿನಲ್ಲಿ ತೆಗೆಯಿರಿ. ಕನ್ನಡಕವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಮೂಗಿನ ಮೇಲೆ ಸರಿಯಾಗಿ ಕೂರಿಸಿ, ಕಡ್ಡಿಯನ್ನು ಸ್ವಲ್ಪ ಎತ್ತಿ. ಗಾಜಿನಲ್ಲಿ ಹೊಳಪು ಬಂದರೆ ಗಲ್ಲ ಎಷ್ಟು ತಗ್ಗಿಸಬೇಕೆಂದು ಅವಳೇ ಕಂಡುಕೊಳ್ಳಲಿ. ಆಮೇಲೆ ಮೊಬೈಲನ್ನು ಅವಳ ಕೈಗೆ ಕೊಟ್ಟು ನಿಮ್ಮ ಫೋಟೋ ತೆಗೆಯಲು ಹೇಳಿ, ಅಜ್ಜಿಯದೂ ತೆಗೆಯಲಿ. ಚೆನ್ನಾಗಿದೆ ಎಂದು ನೀವು ಹತ್ತು ಸಲ ಹೇಳಬೇಕಾಗಿಲ್ಲ. ತೆಗೆದದ್ದನ್ನು ಅವಳು ತಾನೇ ನೋಡಿಕೊಳ್ಳುವಾಗ ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಕೇಳುವುದಿದ್ದರೆ ಆಗ ಕೇಳಿ: ‘ಈ ಸಲ ಹೇಗೆ ನಿಲ್ಲುತ್ತೀ?’ ಪ್ರಶ್ನೆಯಲ್ಲೇ ಉತ್ತರ ತುರುಕಬೇಡಿ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ತೆಗೆದೇ ನಿಲ್ಲುತ್ತೇನೆ ಎಂದರೆ ನಿಲ್ಲಲಿ, ಸೋದರಿ. ಅವಳ ಮುಖ, ಅವಳ ಫೋಟೋ. ನಿಮ್ಮ ಮುಖದಲ್ಲಿ ಬೇಸರ ಕಾಣಿಸಬಾರದು. ಮುಂದಿನ ವರ್ಷ ಮನಸ್ಸು ಬದಲಾದೀತು, ಬದಲಾಗದೆಯೂ ಇದ್ದೀತು. ಕನ್ನಡಕದ ಡಬ್ಬಿಯನ್ನು ಚೀಲದಲ್ಲಿಡಿ, ಜೇಬಿನಲ್ಲಿಟ್ಟುಕೊಂಡರೆ ಮುರಿಯುತ್ತದೆ. ಕ್ಯಾಮೆರಾ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ತೆಗೆಯಲಿ. ಆದರೆ ಗ್ರೂಪ್ ಫೋಟೋಗೆ ಹಿಂದಿನ ಸಾಲಿನ ಬೆಂಚು ಹತ್ತಿಸುತ್ತಾರಲ್ಲ, ಹತ್ತುವಾಗಲೂ ಇಳಿಯುವಾಗಲೂ ಕನ್ನಡಕ ಮೂಗಿನ ಮೇಲೆ ಇರಲೇಬೇಕು. ಈ ಒಂದರಲ್ಲಿ ಅವಳ ಇಷ್ಟ ಕೇಳಬೇಡಿ, ಟೀಚರಿಗೂ ಹೇಳಿಡಿ.