ಬಾರ್, ರೆಸ್ಟೋರೆಂಟ್‌ಗಳಲ್ಲಿ ಸಿಗರೇಟ್ ಸೇದುವುದನ್ನು ನಿಷೇಧಿಸಬೇಕೇ?

ಹೌದು, ನಿಷೇಧಿಸಲೇಬೇಕು. "ಹೊಗೆ ಆಗದವರು ಬೇರೆ ಕಡೆ ಹೋಗಲಿ" ಎಂದು ಕೆಲವರು ಹೇಳುತ್ತಾರೆ. ಗಿರಾಕಿ ಹೋಗಬಹುದು, ಸರಿ. ಆದರೆ ದಿನವಿಡೀ ಅಲ್ಲೇ ಓಡಾಡಿ ಕೆಲಸ ಮಾಡುವ ವೇಟರ್ ಎಲ್ಲಿಗೆ ಹೋಗಬೇಕು? ಸಂಬಳ ಬೇಕೆಂದರೆ ಬೇರೆಯವರು ಬಿಟ್ಟ ಹೊಗೆ ಕುಡಿಯಲೇಬೇಕು. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರವಾಗುವುದು ಇದಕ್ಕೇ.

ಸಿಗರೇಟ್ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ರಾಸಾಯನಿಕಗಳು ಕ್ಯಾನ್ಸರ್ ತರುವಂಥವು. ಸೇದದೆ ಪಕ್ಕದಲ್ಲಿದ್ದವರಿಗೂ ಹೃದಯದ ಕಾಯಿಲೆ, ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಹೆಚ್ಚುತ್ತದೆ.

ಸೇದುವವರಿಗೆ ಒಂದು ಮೂಲೆ ಬಿಟ್ಟುಕೊಟ್ಟರೆ ಸಾಕಲ್ವಾ? ಸಾಲದು. ಹೊಗೆ ಆ ಮೂಲೆಯಲ್ಲೇ ನಿಲ್ಲುವುದಿಲ್ಲ. ಫ್ಯಾನ್, ಎಸಿ ಅದನ್ನು ಪೂರ್ತಿ ತೆಗೆಯುವುದಿಲ್ಲ, ಸುಮ್ನೆ ಎಲ್ಲ ಕಡೆ ಹರಡುತ್ತವೆ. ಇಷ್ಟು ಹೊಗೆಯಾದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಉನ್ನತ ಆರೋಗ್ಯ ಅಧಿಕಾರಿ) 2006ರ ವರದಿಯಲ್ಲೇ ಹೇಳಿದ್ದಾರೆ.

ಐರ್ಲೆಂಡ್ ನೋಡಿ. ಪಬ್ ಅಂದರೆ ಅಲ್ಲಿಯ ಜನರಿಗೆ ಪ್ರಾಣ. ಆದರೂ 2004ರ ಮಾರ್ಚ್‌ನಲ್ಲಿ ಪಬ್‌ಗಳೂ ಸೇರಿ ಒಳಾಂಗಣ ಕೆಲಸದ ಜಾಗಗಳಲ್ಲಿ ನಿಷೇಧ ತಂದಿತು. ದೇಶಕ್ಕೆ ದೇಶವೇ ಹೀಗೆ ಮಾಡಿದ್ದು ಅದೇ ಮೊದಲು. ಆಮೇಲೆ ಪಬ್ ಕೆಲಸಗಾರರ ಕೆಮ್ಮು, ಕಫ ಕಡಿಮೆಯಾಯಿತು. ಸೇದುವವರು ಈಗಲೂ ಸೇದುತ್ತಾರೆ, ಬಾಗಿಲ ಹೊರಗೆ ಹೋಗಿ.